ಮೇಲೆ ಎಂತ ಕಾಣ್ತದೆ?

ಆರಿದ್ರಾ ಮಳೆ ಎರಡು ದಿನ ಎಡೆಬಿಡದೆ ಹೊಯ್ದು, ಮೂರನೆಯ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸ್ವಲ್ಪ ಹೊಳವಾಗಿತ್ತು. ಸಿದ್ದಾಪುರ ಸೀಮೆಯ ನಮ್ಮ ಕಣಿವೆ ತೋಟದಲ್ಲಿ ಮಂಜು ಇನ್ನೂ ಸೋಗೆಗಳ ನಡುವೆಯೇ ಸಿಕ್ಕಿಕೊಂಡಿತ್ತು. ನೆಲದಲ್ಲಿ ನಿಂತವರಿಗೆ ಅಡಿಕೆ ಮರ ಅರ್ಧದವರೆಗೆ ಮಾತ್ರ ಕಾಣುತ್ತಿತ್ತು, ಅಲ್ಲಿಂದಾಚೆ ಬರೀ ಬಿಳಿ. ಆ ಬಿಳಿಯೊಳಗೆ ಮೂವರು ಇದ್ದರು. ಕಾಣುತ್ತಿರಲಿಲ್ಲ, ಕೇಳಿಸುತ್ತಿದ್ದರು.

‘ಭಾವಾ, ಮೇಲೆ ಎಂತ ಕಾಣ್ತದೆ?’

‘ನಿನ್ನ ಮಾವನ ಮನೆ ಹೊಗೆ ಕಾಣ್ತದೆ. ದೋಸೆ ಎರೀತಿದಾರೆ. ಓಡು, ಇನ್ನೂ ಎರಡು ಸಿಕ್ಕೀತು.’

‘ನಿಂಗೆ ಹೊಟ್ಟೆಕಿಚ್ಚು. ನಿಂಗೆ ಅಲ್ಲಿ ಗಂಜೀನೂ ಹಾಕೂದಿಲ್ಲ.’

‘ಗಂಜಿ ಬ್ಯಾಡ ಮಾರಾಯ, ಪಂಪು ಹೊಡಿ ಮೊದ್ಲು. ಇಲ್ಲಿ ಮದ್ದು ಹನಿ ಹನಿ ಬರ್ತದೆ, ಮಗು ಉಚ್ಚೆ ಹೊಯ್ದಂಗೆ.’

ಕೆಳಗೆ ಪಂಪಿನ ಹಿಡಿಕೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದ ಇಬ್ಬರು ನಗುತ್ತ ಜೋರು ಮಾಡಿದರು. ಮಂಜಿನೊಳಗಿಂದ ಸುಯ್ಯೆಂಬ ಸದ್ದು ಬಂತು. ಮರುಕ್ಷಣ ನಮ್ಮ ತಲೆ, ಹೆಗಲು, ಬಾಳೆ, ಏಲಕ್ಕಿ ಹಿಂಡು, ಎಲ್ಲದರ ಮೇಲೂ ನೀಲಿ ಹನಿ. ಆಗ ನನಗೆ ಹತ್ತು ವರ್ಷವಿರಬೇಕು. ಕೊಳೆಮದ್ದು ಹೊಡೆಯುವ ದಿನ ಶಾಲೆಗೆ ಚಕ್ಕರ್ ಹಾಕಿಯಾದರೂ ತೋಟದಲ್ಲಿರುತ್ತಿದ್ದೆ. ಮದ್ದು ನೋಡಲಿಕ್ಕಲ್ಲ, ಈ ಮಾತು ಕೇಳಲಿಕ್ಕೆ.

ನಮ್ಮ ಕಡೆ ಅವರನ್ನು ಕೊನೆಗೌಡ ಎನ್ನುತ್ತಾರೆ, ಬೇರೆ ಕಡೆ ಕೊನೆಗಾರ. ಹೆಸರು ಕೇಳಿದವರು ಇವರ ಕೆಲಸ ಅಡಿಕೆ ಕೊನೆ ಕೊಯ್ದು ಇಳಿಸುವುದಷ್ಟೇ ಎಂದುಕೊಳ್ಳುತ್ತಾರೆ. ವರ್ಷಪೂರ್ತಿ ಒಬ್ಬ ಕೊನೆಗೌಡನ ಜೊತೆ ತಿರುಗಿದರೆ ಗೊತ್ತಾಗುತ್ತದೆ, ಕೊಯ್ಲು ಅವನ ಕೆಲಸದ ಒಂದು ಭಾಗ ಮಾತ್ರ. ಮಳೆಗಾಲಕ್ಕೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟುವವನು ಅವನು, ಮದ್ದು ಹೊಡೆಯುವವನು ಅವನು. ಯಾವ ಮರದ ಸುಳಿ ಕೊಳೆಯುತ್ತಿದೆ, ಯಾವುದರ ಸಿಂಗಾರಕ್ಕೆ ಹುಳ ಬಿದ್ದಿದೆ, ಯಾವ ಮರ ಬರುವ ಗಾಳಿಗೆ ನಿಲ್ಲುವುದಿಲ್ಲ ಎಂದು ಹೇಳುವವನೂ ಅವನೇ. ತೋಟದ ಒಡೆಯ ಮರವನ್ನು ಬುಡದಿಂದ ನೋಡುತ್ತಾನೆ. ಮರದ ಜೀವ ಇರುವುದು ಐವತ್ತು ಅಡಿ ಮೇಲೆ, ಮಡಚಿದ ಕೈಯಷ್ಟು ದಪ್ಪದ ಒಂದು ಸುಳಿಯಲ್ಲಿ. ಅಡಿಕೆಗೆ ಇರುವುದು ಒಂದೇ ಸುಳಿ. ಅದು ಹೋದರೆ ಮರವೇ ಹೋಯಿತು. ಆ ಸುಳಿಯ ಮುಖ ನೋಡಿ ಮಾತಾಡುವವನು ಕೊನೆಗೌಡ. ಅವನನ್ನು ಮರದ ವೈದ್ಯ ಎಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ನಮ್ಮ ಮನೆಯ ತೋಟಕ್ಕೆ ನಲವತ್ತು ವರ್ಷ ಹತ್ತಿದವರನ್ನು ನಾವು ಮಕ್ಕಳು ಗೌಡಜ್ಜ ಎಂದೇ ಕರೆಯುತ್ತಿದ್ದೆವು. ಅವರ ಸಲಕರಣೆ ನಾಲ್ಕೇ ನಾಲ್ಕು. ಎರಡು ಪಾದಗಳನ್ನು ಜೋಡಿಸಿ ಮರಕ್ಕೆ ಅಂಟಿಸುವ ತಳೆ, ತುದಿಯಲ್ಲಿ ಕಟ್ಟಿಕೊಂಡು ಕೂರುವ ಪುಟ್ಟ ಮಣೆ, ಸೊಂಟದಲ್ಲಿ ಕತ್ತಿ, ಹೆಗಲ ಮೇಲೆ ಹಗ್ಗದ ಸುರುಳಿ. ಐದನೆಯದು ಬೇಕಿದ್ದರೆ ಕವಳದ ಸಂಚಿ. ಕವಳ ಹಾಕದೆ ಅವರು ಮೊದಲ ಮರ ಮುಟ್ಟುತ್ತಿರಲಿಲ್ಲ. ಎದೆಯ ಚರ್ಮ ಮರಕ್ಕೆ ಉಜ್ಜಿ ಉಜ್ಜಿ ದಡ್ಡುಗಟ್ಟಿತ್ತು. ‘ಇದು ಚರ್ಮ ಅಲ್ಲ ತಮಾ, ಅಡಿಕೆ ಹಾಳೆ’ ಎಂದು ಬಡಿದು ತೋರಿಸುತ್ತಿದ್ದರು.

ಹತ್ತುವುದು ದೊಡ್ಡದಲ್ಲ, ದಾಟುವುದು ದೊಡ್ಡದು. ಅಡಿಕೆ ಸಸಿಯನ್ನು ಸುಮಾರು ಒಂಬತ್ತು ಅಡಿಗೊಂದರಂತೆ ನೆಡುತ್ತಾರೆ, ಎಕರೆಗೆ ಐನೂರು ದಾಟುತ್ತದೆ ಲೆಕ್ಕ. ಪ್ರತಿ ಮರಕ್ಕೂ ಹತ್ತಿ ಇಳಿದರೆ ಮನುಷ್ಯ ಮಧ್ಯಾಹ್ನದೊಳಗೆ ಸೋಲುತ್ತಾನೆ. ಅದಕ್ಕೇ ಕೊನೆಗೌಡ ಒಮ್ಮೆ ಹತ್ತಿದರೆ ಕೂತ ಮರವನ್ನು ಬಳುಕಿಸಿ, ಪಕ್ಕದ ಮರದ ಸೋಗೆ ಹಿಡಿದು ಎಳೆದು, ಎರಡು ಮರ ಹತ್ತಿರ ಬಂದ ಆ ಒಂದು ಕ್ಷಣದಲ್ಲಿ ಆಚೆ ಹೋಗಿಬಿಡುತ್ತಾನೆ. ಬಿಟ್ಟ ಮರ ಹಿಂದಕ್ಕೆ ಚಿಮ್ಮುತ್ತದೆ, ಹಿಡಿದ ಮರ ತೂಗುತ್ತದೆ. ಕೆಳಗಿದ್ದ ನಾವು ಉಸಿರು ಹಿಡಿಯುತ್ತಿದ್ದೆವು. ಗೌಡಜ್ಜ ಅಷ್ಟು ಹೊತ್ತಿಗೆ ಹಿಂದಿನ ಮರದ ಮೇಲೆ ಅರ್ಧಕ್ಕೆ ಬಿಟ್ಟ ಕಥೆ ಮುಂದುವರಿಸಿರುತ್ತಿದ್ದರು.

ಕೊಯ್ಲಿನಲ್ಲಿ ಹಗ್ಗದ ಎರಡು ತುದಿಗೆ ಇಬ್ಬರು. ಮೇಲಿನವನು ಕೊನೆ ಕೊಯ್ದು ಹಗ್ಗಕ್ಕೆ ಸಿಕ್ಕಿಸಿ ಬಿಡುತ್ತಾನೆ, ಕೆಳಗಿನವನು ಹಗ್ಗವನ್ನು ದೂರಕ್ಕೆ ಓರೆಯಾಗಿ ಬಿಗಿಹಿಡಿದು ನಿಂತಿರುತ್ತಾನೆ. ಕೊನೆ ಜರ್ರನೆ ಜಾರಿ ಬರುತ್ತದೆ. ಹಗ್ಗ ಸಡಿಲಾದರೆ ಕೊನೆ ನೆಲಕ್ಕೆ ಬಡಿದು ಅಡಿಕೆಯೆಲ್ಲ ಚೆಲ್ಲಾಪಿಲ್ಲಿ. ಅತಿಯಾಗಿ ಎಳೆದರೆ ಮೇಲಿನವನ ತೋಳಿಗೆ ಪೆಟ್ಟು. ಈ ಬಿಗಿ-ಸಡಿಲದ ಲೆಕ್ಕವನ್ನು ಹೇಳಿಕೊಡಲು ಮಾತಿನ ಹೊರತು ಬೇರೆ ದಾರಿಯಿಲ್ಲ. ಆ ಮಾತು ಮಾತ್ರ ಎಂದೂ ನೇರವಾಗಿ ಬರುತ್ತಿರಲಿಲ್ಲ.

‘ಹಗ್ಗ ಹಿಡ್ದಿದೀಯನ, ಇಲ್ಲ ಮಲಗ್ದ್ಯನ?’

‘ಹಿಡ್ದೆ, ಹಿಡ್ದೆ.’

‘ಹಿಡ್ದಿದ್ದು ಹೌದು, ಅಜ್ಜಿ ಕೈ ಹಿಡ್ದಂಗೆ ಹಿಡೀಬ್ಯಾಡ. ಓಡೋ ಕರ ಹಿಡ್ದಂಗೆ ಹಿಡಿ!’

ನಮ್ಮಪ್ಪ ತೋಟದ ಅಂಚಿನಲ್ಲಿ ನಿಂತು, ‘ಗೌಡಾ, ಈ ಸಾಲಿನಲ್ಲಿ ಎಷ್ಟು ಕೊನೆ ಉಂಟು?’ ಎಂದು ಕೇಳಿದರೆ, ‘ಮಂಗ ಬಿಟ್ಟಷ್ಟು ಉಂಟು ಹೆಗ್ಡೇರೆ’ ಎನ್ನುವ ಉತ್ತರ. ‘ಮಂಗ ಎಷ್ಟು ಬಿಟ್ಟದೆ?’ ‘ನಿಮ್ಮ ಪುಣ್ಯ ಇದ್ದಷ್ಟು.’ ಅಪ್ಪನ ಎದುರು ನೆಲದ ಮೇಲೆ ನಿಂತಾಗ ಗೌಡಜ್ಜ ಹೀಗೆ ಮಾತಾಡಿದ್ದನ್ನು ನಾನು ಕಂಡಿಲ್ಲ. ಅಂಗಳದಲ್ಲಿ ಅವರು ಜಗಲಿಯ ಕೆಳಗಿನ ಮೆಟ್ಟಿಲಲ್ಲೇ ಕೂರುತ್ತಿದ್ದರು, ದನಿ ತಗ್ಗಿರುತ್ತಿತ್ತು. ಹತ್ತುವವರ ಜಾತಿ ಒಂದು, ಹತ್ತಿಸುವವರ ಜಾತಿ ಇನ್ನೊಂದು ಎಂಬುದು ನಮ್ಮ ಸೀಮೆಯ ಹಳೆಯ ಸತ್ಯ. ಅದನ್ನು ಮರೆಸಿ ಈ ಕಥೆ ಹೇಳಿದರೆ ನಾನು ಅವರಿಗೆ ಮೋಸ ಮಾಡಿದಂತೆ. ಮರದ ಮೇಲೆ ಆ ಮೆಟ್ಟಿಲು ಇರಲಿಲ್ಲ. ಅಲ್ಲಿಂದ ಅವರು ಯಾರಿಗೆ ಏನು ಬೇಕಾದರೂ ಅನ್ನಬಹುದಿತ್ತು, ಅನ್ನುತ್ತಿದ್ದರು. ಅಪ್ಪ ಕತ್ತೆತ್ತಿ ಕೇಳಬೇಕಿತ್ತು.

ಇಷ್ಟೆಲ್ಲ ಹರಟೆ ಯಾಕೆ ಎಂದು ನನಗೆ ಅರ್ಥವಾದದ್ದು ಬಹಳ ತಡವಾಗಿ, ಒಂದು ಪುಷ್ಯ ಮಳೆಯ ದಿನ. ಎರಡನೇ ಮದ್ದು ನಡೆದಿತ್ತು. ಮಂಜಿನಲ್ಲಿ ಮೂರು ದನಿ ಒಂದಕ್ಕೊಂದು ಉತ್ತರ ಕೊಡುತ್ತಿದ್ದವು. ಇದ್ದಕ್ಕಿದ್ದಂತೆ ಅವುಗಳಲ್ಲಿ ಒಂದು ನಿಂತಿತು. ಪಂಪು ಹೊಡೆಯುತ್ತಿದ್ದವರ ಕೈ ತಾನಾಗಿಯೇ ನಿಂತಿತು. ಗೌಡಜ್ಜ ಇನ್ನೊಂದು ಮರದಿಂದ ಕೂಗಿದರು, ‘ಏ ತಮಾ, ಬಾಯಲ್ಲಿ ಕವಳ ಉಂಟನಾ?’ ಉತ್ತರವಿಲ್ಲ. ಮತ್ತೆ ಕೂಗಿದರು. ಬಹಳ ಹೊತ್ತಿನ ಮೇಲೆ ‘ಕಣಜ’ ಎಂಬ ಒಂದೇ ಮಾತು ಬಂತು. ಹುಡುಗನ ಮುಖಕ್ಕೇ ಕಣಜ ಹೊಡೆದಿತ್ತು, ಕಣ್ಣು ಮುಚ್ಚಿಹೋಗಿತ್ತು. ಅಲ್ಲಿಂದ ಮುಂದೆ ಗೌಡಜ್ಜ ಮಾತು ನಿಲ್ಲಿಸಲಿಲ್ಲ. ‘ಮರ ತಬ್ಬು. ಮಣೆ ಬಿಡು, ಬಿಟ್ರೆ ಹೋಗ್ಲಿ. ತಳೆ ಸಿಕ್ತಾ? ಎಡಗಾಲು. ಈಗ ಬಲಗಾಲು. ನಿನ್ನ ಹೆಂಡ್ತಿ ಹೆಸರೆಂತ ಹೇಳು. ಜೋರಾಗಿ ಹೇಳು, ಹೆಗ್ಡೇರಿಗೆ ಕೇಳ್ಳಿ.’ ಒಂದೊಂದು ಹೆಜ್ಜೆಗೂ ಒಂದು ಪ್ರಶ್ನೆ, ಒಂದು ಉತ್ತರ. ಕಣ್ಣು ಕಾಣದವನನ್ನು ಬರೀ ಮಾತಿನಿಂದ ಐವತ್ತು ಅಡಿ ಇಳಿಸಿದರು. ಅವನು ನೆಲ ಮುಟ್ಟಿದ ಮೇಲೆ ಗೌಡಜ್ಜ ಮೇಲೆಯೇ ಕೂತು ಒಂದಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹೆಂಡ್ತಿ ಹೆಸ್ರು ಹೇಳೂಕೆ ಇಷ್ಟು ಹೊತ್ತು ಬೇಕನಾ ನಿಂಗೆ’ ಎಂದರು.

ಅಂದಿನಿಂದ ನಾನು ಆ ಹರಟೆಯನ್ನು ಬೇರೆ ಕಿವಿಯಿಂದ ಕೇಳತೊಡಗಿದೆ. ಮೇಲಿರುವವನು ಎಲ್ಲಿದ್ದಾನೆ, ದಣಿದಿದ್ದಾನೋ, ಮರದ ಮೇಲೆ ಚಗಳಿ ಇರುವೆಯ ಗೂಡಿದೆಯೋ, ಕೈ ಜಾರುತ್ತಿದೆಯೋ, ಎಲ್ಲವೂ ದನಿಯಲ್ಲಿ ಗೊತ್ತಾಗುತ್ತದೆ. ಮಾವನ ಮನೆಯ ದೋಸೆಯ ಮಾತಿಗೆ ತಡವಾಗಿ ಉತ್ತರ ಬಂದರೆ ಕೆಳಗಿನವನು ಪಂಪು ಬಿಟ್ಟು ಕತ್ತೆತ್ತುತ್ತಾನೆ. ಸೊಂಟಕ್ಕೆ ಪಟ್ಟಿಯಿಲ್ಲದ, ತಲೆಗೆ ಹಾಳೆಟೊಪ್ಪಿ ಬಿಟ್ಟು ಬೇರೇನೂ ಇಲ್ಲದ ಕೆಲಸದಲ್ಲಿ ಈ ಮಾತೇ ಅವರನ್ನು ಕಟ್ಟಿಹಿಡಿದ ಹಗ್ಗವಾಗಿತ್ತು. ನಮ್ಮ ಗುಂಪಿನಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು: ಮರದ ಮೇಲಿದ್ದವನಿಗೆ ಯಾರೂ ‘ಬೀಳ್ತೀಯ’ ಎನ್ನಬಾರದು. ಬೈಯಬಹುದು, ಹಂಗಿಸಬಹುದು, ಅವನ ಮಾವನನ್ನು ಎಷ್ಟಾದರೂ ಜರೆಯಬಹುದು, ಆ ಒಂದು ಪದ ಮಾತ್ರ ಕೂಡದು.

ಮದ್ದಿನ ವಿಷಯ ಸ್ವಲ್ಪ ಹೇಳಬೇಕು. ಕೊಳೆರೋಗ ಅಡಿಕೆ ಸೀಮೆಯ ಹಳೆಯ ಪೀಡೆ. ಮಳೆ ಹನಿಯ ಸಿಡಿತದಲ್ಲಿ, ಗಾಳಿಯಲ್ಲಿ ಕೊನೆಯಿಂದ ಕೊನೆಗೆ ಹಬ್ಬುತ್ತದೆ. ಎಳೆಗಾಯಿಯ ತೊಟ್ಟಿನ ಬಳಿ ನೀರಲ್ಲಿ ನೆನೆದಂಥ ಕಲೆ, ಮೇಲೆ ಬೆಳ್ಳನೆಯ ಬೂಸ್ಟು, ನಾಲ್ಕು ದಿನದಲ್ಲಿ ಮರದ ಬುಡದ ತುಂಬ ಉದುರಿದ ಹಸಿರು ಕಾಯಿ. ಕರಡದಿಂದಲೋ ಹಾಳೆಯಿಂದಲೋ ಮಾಡಿದ ಕೊಟ್ಟೆಯನ್ನು ಕೊನೆಗೆ ಹೊದಿಸಿ ಮಳೆ ತಾಗದಂತೆ ಕಟ್ಟುವುದೊಂದೇ ಹಳಬರಿಗೆ ಗೊತ್ತಿದ್ದ ಉಪಾಯ. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಈ ರೋಗದ ಬೆನ್ನುಹತ್ತಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ಪ್ರಕಟಿಸಿದರು. ಮದ್ದಾಗಿ ಬಂದದ್ದು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿ ಕದಿಯುವವರನ್ನು ಹೆದರಿಸಲೆಂದು ಬಳ್ಳಿಗೆ ಎರಚಿದ ತಾಮ್ರದ ಮದ್ದು ರೋಗವನ್ನೂ ತಡೆಯುತ್ತದೆಂದು ಕಂಡು, ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಲೋಕಕ್ಕೆ ತಿಳಿಸಿದ ಪಾಕ ಅದು. 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, ಇನ್ನೊಂದು 50 ಲೀಟರಿಗೆ 1 ಕಿಲೋ ಸುಣ್ಣ, ಎರಡೂ ಸೇರಿ 100 ಲೀಟರ್.

ಪುಸ್ತಕದಲ್ಲಿ ಇದು ನಾಲ್ಕು ಸಾಲು. ಆ ನಾಲ್ಕು ಸಾಲನ್ನು ನೂರಕ್ಕೂ ಹೆಚ್ಚು ವರ್ಷ, ಪಾಚಿಗಟ್ಟಿ ಜಾರುವ ಮರದ ತುದಿಯವರೆಗೆ ಹೊತ್ತೊಯ್ದವರು ಕೊನೆಗೌಡರು. ಪಾಕದ ಪರೀಕ್ಷೆಯೂ ಅವರದೇ. ಗೌಡಜ್ಜ ಸೊಂಟದ ಕತ್ತಿಯನ್ನು ಮದ್ದಿನೊಳಗೆ ಅದ್ದಿ ಎತ್ತಿ ನೋಡುತ್ತಿದ್ದರು. ಕಬ್ಬಿಣದ ಮೇಲೆ ಕೆಂಪು ಕೂತರೆ ತಾಮ್ರ ಹೆಚ್ಚಾಯಿತು, ಸುಣ್ಣ ಇನ್ನಷ್ಟು ಬೇಕು. ಇಲ್ಲದಿದ್ದರೆ ಎಳೆಗಾಯಿ ಸುಡುತ್ತದೆ. ‘ಕತ್ತಿಗೆ ನಾಚಿಕೆ ಬಂದದೆ, ಸುಣ್ಣ ಹಾಕಿ’ ಎನ್ನುತ್ತಿದ್ದರು. ಸಂಜೆಯ ಹೊತ್ತಿಗೆ ಹುಬ್ಬು, ಮೀಸೆ, ಕಿವಿ ಎಲ್ಲ ನೀಲಿ. ‘ಹಿಂಗೇ ಹೋದ್ರೆ ಮನೇಲಿ ನಾಯಿ ಗುರ್ತು ಹಿಡೀತದನ?’ ‘ನಾಯಿ ಹಿಡೀತದೆ. ಹೆಂಡ್ತೀದೇ ಅನುಮಾನ.’ ನಕ್ಕು ಮುಗಿಸುತ್ತಿದ್ದರು. ರಾತ್ರಿ ಕಣ್ಣುರಿಗೆ ಎದೆಹಾಲು ಬಿಡಿಸಿಕೊಳ್ಳಲು ನೆರೆಮನೆಯ ಬಾಣಂತಿಯ ಬಾಗಿಲಿಗೆ ಹೋದದ್ದನ್ನು ಮರುದಿನ ಯಾರೂ ಹೇಳುತ್ತಿರಲಿಲ್ಲ.

ಕೊನೆಗೌಡನ ಕಣ್ಣು ಕೆಲಸ ಮಾಡುವುದು ಹತ್ತುವ ಮೊದಲೇ. ಇಳಿಬಿಸಿಲು ನೇರ ಬೀಳುವ ನೈಋತ್ಯ ಅಂಚಿನ ಮರಗಳ ಕಾಂಡ ಸುಟ್ಟು ಬಿರಿಯುತ್ತದೆ, ಬಿರುಕಿನಲ್ಲಿ ಕೊಳೆತ ಸೇರುತ್ತದೆ. ಹೊರಗೆ ಮರ ಹಸಿರಾಗಿಯೇ ಇರುತ್ತದೆ. ಗೌಡಜ್ಜ ಕತ್ತಿಯ ಬೆನ್ನಿನಿಂದ ಕಾಂಡ ಬಡಿದು ಕಿವಿಗೊಡುತ್ತಿದ್ದರು. ಟಣ್ ಅಂದರೆ ಹತ್ತು, ಬೊದ್ ಅಂದರೆ ಬಿಡು. ‘ಈ ಮರಕ್ಕೆ ಹೊಟ್ಟೆ ಇಲ್ಲ ಹೆಗ್ಡೇರೆ, ಕಡ್ದು ದಬ್ಬೆ ಮಾಡ್ಸಿ.’ ಅಪ್ಪ ಒಮ್ಮೆಯೂ ಎರಡನೆಯ ಮಾತಾಡಿದ್ದಿಲ್ಲ. ಅಂಚಿನ ಮರಗಳಿಗೆ ಬೇಸಿಗೆಗೆ ಮುಂಚೆ ಸೋಗೆ ಸುತ್ತಿ ಕಟ್ಟಿಸುವುದೂ ಅವರದೇ ನೆನಪು.

ಕೊಯ್ಲಿನ ಹದವೂ ಹಾಗೆಯೇ. ಒಂದೇ ಮರದ ಕೊನೆಗಳು ಒಟ್ಟಿಗೆ ಬಲಿಯುವುದಿಲ್ಲ. ಬೇಯಿಸಿ ಕೆಂಪು ಮಾಡುವ ಅಡಿಕೆಗೆ ಹಸಿರಿನಲ್ಲೇ ಒಂದು ಹದ ಉಂಟು. ಬೇಗ ಕೊಯ್ದರೆ ಒಣಗಿದಾಗ ತೂಕವಿಲ್ಲ, ತಡವಾದರೆ ಹಣ್ಣಾಗಿ ಗೋಟು. ನೆಲದಿಂದ ನೋಡಿದವನಿಗೆ ಎರಡೂ ಒಂದೇ ಹಸಿರು. ಮೇಲೆ ಹೋದವನು ಒಂದು ಕಾಯಿ ಕಚ್ಚಿ ನೋಡಿ, ‘ಇದು ಇನ್ನೊಂದು ಹದಿನೈದು ದಿನ ಇರ್ಲಿ’ ಎಂದು ಬಿಟ್ಟು ಮುಂದಿನದಕ್ಕೆ ಹೋಗುತ್ತಾನೆ. ಆ ಒಂದು ಕಡಿತದ ಮೇಲೆ ಮನೆಯ ವರ್ಷದ ಲೆಕ್ಕ ನಿಂತಿರುತ್ತದೆ.

ಈಗ ಹತ್ತುವವರು ಕಡಿಮೆ. ಗೌಡಜ್ಜನ ಇಬ್ಬರು ಮಕ್ಕಳೂ ಹತ್ತಲಿಲ್ಲ, ಅವರೇ ಹತ್ತಲು ಬಿಡಲಿಲ್ಲ. ಮರದಿಂದ ಜಾರಿ ಬೆನ್ನುಮೂಳೆ ಮುರಿದು ವರ್ಷಗಟ್ಟಲೆ ಮಲಗಿದವರನ್ನು ಪ್ರತಿ ಊರೂ ಕಂಡಿದೆ. ಆ ಮನೆಗಳಿಗೆ ಮುಂದೆ ಬಂದ ದಿನಗಳನ್ನೂ ಕಂಡಿದೆ. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿ ‘ಕೇರ ಸುರಕ್ಷಾ’ ವಿಮೆ ತಂದಿತು. ಅದೇ ಮಂಡಳಿ 2011ರಲ್ಲಿ ಕೇರಳದಲ್ಲಿ ತೆಂಗಿನ ಗೆಳೆಯರ ಬಳಗ ಶುರುಮಾಡಿ, ಹೆಂಗಸರೂ ಸೇರಿದಂತೆ ಸಾವಿರಾರು ಜನರಿಗೆ ಯಂತ್ರದಲ್ಲಿ ಹತ್ತುವುದನ್ನು ಕಲಿಸಿತು. ಅಡಿಕೆಗೂ ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಯುವಕರಿಗೆ ಹತ್ತುವ, ಮದ್ದು ಹೊಡೆಯುವ ತರಬೇತಿ ಶಿಬಿರಗಳು ನಡೆದಿವೆ. ಬಂಟ್ವಾಳದ ಕಡೆಯ ಕೃಷಿಕ ಗಣಪತಿ ಭಟ್ಟರು ಮರ ಏರುವ ಬೈಕು ಮಾಡಿ 2019ರಲ್ಲಿ ದೇಶದ ಕಣ್ಣು ಸೆಳೆದರು. ಆದರೆ ತೋಟದ ಕ್ರಮವನ್ನೇ ಬದಲಾಯಿಸಿದ್ದು ಕಾರ್ಬನ್ ಫೈಬರ್ ದೋಟಿ. ನೆಲದಲ್ಲೇ ನಿಂತು, ಹಗುರವಾದ ಉದ್ದ ಕೋಲಿನಲ್ಲಿ ಕೊಯ್ಲು, ಅದರ ತುದಿಗೆ ಪೈಪು ಕಟ್ಟಿ ಮದ್ದು. ಜೀವ ಉಳಿಸುವ ವಸ್ತು ಅದು, ನಾನು ಅದನ್ನು ಮನಸಾರೆ ಸ್ವಾಗತಿಸಿದವನು. ಒಂದು ಎಚ್ಚರ ಮಾತ್ರ ಹೇಳಲೇಬೇಕು: ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಾಗಿ ಸತ್ತವರ ಸುದ್ದಿ ಓದಿದ್ದೇವೆ, ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ. ಅಂಚಿನಲ್ಲಿ ತಂತಿ ಹಾದುಹೋದ ತೋಟದಲ್ಲಿ ಯಾವ ದೋಟಿಯನ್ನೂ ಮರದ ಕೋಲಿನಂತೆ ಎಣಿಸಬೇಡಿ.

ದೋಟಿಯವನ ಕತ್ತು ದಿನವಿಡೀ ಮೇಲೆತ್ತಿರುತ್ತದೆ, ಎಂಜಿನ್ ಪಂಪು ಗುಡುಗುತ್ತದೆ, ಕಿವಿಯಲ್ಲಿ ಹಾಡಿನ ವೈರು. ಕೆಲಸ ಬೇಗ ಮುಗಿಯುತ್ತದೆ. ಆದರೆ ಅವನಿಗೆ ಕಾಣುವುದು ಕೊನೆಯ ಅಡಿಭಾಗ. ಕೊಳೆಯ ಮೊದಲ ಕಲೆ ಕೂರುವ ತೊಟ್ಟು ಮೇಲ್ಮುಖವಾಗಿರುತ್ತದೆ. ಸುಳಿಯಂತೂ ಕಾಣುವುದೇ ಇಲ್ಲ. ಮೇಲಿಂದ ಸುದ್ದಿ ತರುವವರು ಇಲ್ಲದಾಗಿ ನಮ್ಮ ತೋಟದಲ್ಲಿ ಮೂರು ವರ್ಷದಲ್ಲಿ ಹತ್ತಾರು ಮರ ಸುಳಿಕೊಳೆಗೆ ಹೋದವು. ಗೊತ್ತಾದದ್ದು ಹೆಡೆ ಬಾಗಿ ಬಿದ್ದ ಮೇಲೆ.

ಹೋದ ಮಳೆಗಾಲದಲ್ಲಿ ಪಕ್ಕದೂರಿನ ಒಬ್ಬ ಹುಡುಗ ಸಿಕ್ಕಿದ. ತರಬೇತಿ ಪಡೆದವನು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಹತ್ತುವವನು. ದೋಟಿಗೆ ಎಟುಕದ ಹಳೆಯ ಸಾಲಿಗೆ ಅವನನ್ನು ಕರೆದಿದ್ದೆ. ಗೌಡಜ್ಜನಿಗೆ ಈಗ ಮಂಡಿ ಬಾಗುವುದಿಲ್ಲ. ಆದರೂ ಸುದ್ದಿ ಕೇಳಿ ಕೊಡೆ ಊರಿಕೊಂಡು ಬಂದು, ಕಾಲುವೆಯ ದಂಡೆಯ ಮೇಲೆ ಕೂತರು. ಸ್ವಲ್ಪ ಹೊತ್ತು ಕವಳ ಜಗಿಯುತ್ತ ಮೇಲೆ ನೋಡಿದರು. ಏನೂ ಕಾಣದು, ಎಂಜಿನ್ ಸದ್ದಿಗೆ ಏನೂ ಕೇಳದು. ಕಡೆಗೆ ನನ್ನತ್ತ ತಿರುಗಿ, ‘ಅದನ್ನ ಬಂದ್ ಮಾಡ್ಸಿ’ ಎಂದರು.

ಎಂಜಿನ್ ನಿಂತಿತು. ಸೋಗೆಯಿಂದ ಹನಿ ಬೀಳುವ ಸದ್ದು ಮಾತ್ರ ಉಳಿಯಿತು.

‘ಏ ತಮಾ, ಮೇಲೆ ಎಂತ ಕಾಣ್ತದೆ?’

ಹುಡುಗನಿಗೆ ಅರ್ಥವಾಗಲಿಲ್ಲ. ‘ಎಂಥದೂ ಇಲ್ಲ ಅಜ್ಜ. ಮಂಜು.’

‘ಮಂಜು ನಂಗೂ ಕಾಣ್ತದೆ. ಸುಳಿ ಹೆಂಗದೆ?’

‘ಈ ಮರದ್ದು ಅಡ್ಡಿಲ್ಲ. ಪಕ್ಕದ್ದು ಸ್ವಲ್ಪ ಹಳದಿ.’

‘ದಾಟು. ದಾಟಿ ಹಿಡ್ದು ಎಳಿ. ಮೆಲ್ಲಗೆ.’

ಮರ ಬಳುಕಿದ ಸದ್ದು. ನಮ್ಮಿಬ್ಬರ ಕತ್ತೂ ಮೇಲೆ. ‘ಕೈಗೆ ಬಂತು ಅಜ್ಜ, ಸುಳಿ.’

‘ಮೂಸು.’

‘ನಾತ.’

‘ಎಷ್ಟು ಕೆಳಗಿನ ತನಕ ಕಪ್ಪಾಗದೆ? ಬೆರಳು ಇಟ್ಟು ನೋಡು.’

‘ನಾಲ್ಕು ಬೆರಳು. ಅದ್ರ ಕೆಳಗೆ ಬೆಳ್ಳಗೆ.’

ಗೌಡಜ್ಜ ಕವಳ ಉಗಿದರು. ‘ಹಂಗಾದ್ರೆ ಬದುಕ್ತದೆ. ಕತ್ತಿ ತೆಗಿ. ಕಪ್ಪಾದ್ದೆಲ್ಲ ಕೆರೀಬೇಕು, ಬೆಳ್ಳಗಾಗೂ ತನಕ. ಬೆಳ್ಳಗಿದ್ದಿದ್ದು ಮುಟ್ಟಬ್ಯಾಡ. ಮಾತಾಡ್ತಾ ಕೆರಿ, ನಂಗೆ ಕೇಳ್ಬೇಕು. ಮದ್ವೆ ಆಗದೆಯನ ನಿಂಗೆ?’

‘ಇಲ್ಲ ಅಜ್ಜ.’

‘ಮತ್ತೆ ಮಾವನ ಮನೆ ಹೊಗೆ ಎಲ್ಲಿಂದ ಕಾಣ್ಬೇಕು’ ಎಂದವರು ನನ್ನ ಕಡೆ ನೋಡಿ ಅವಸರ ಮಾಡಿದರು. ‘ನಿಂತ್ಕಂಡು ಎಂತ ನೋಡ್ತೀರಿ? ಗಾಯಕ್ಕೆ ಹಚ್ಚೂಕೆ ಮುಲಾಮು ಬೇಕು. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೀರು ಹತ್ತೇ ಲೀಟರು. ಗಟ್ಟಿ ಇರ್ಬೇಕು. ಮಳೆ ಬರೂದ್ರೊಳಗೆ ತನ್ನಿ.’

ನಾನು ಸುಣ್ಣದ ಡಬ್ಬಿ ಹುಡುಕಲು ಮನೆಯತ್ತ ಓಡಿದೆ. ಹಿಂದಿನಿಂದ ಹುಡುಗನ ದನಿ ಕೇಳುತ್ತಲೇ ಇತ್ತು, ಅವನು ತನ್ನ ಊರಿನ ಹೆಸರು ಹೇಳುತ್ತಿದ್ದ.